ಕದ್ದ ಕಡತದೊಳಗಿನ ತಪ್ಪು

ದಿನಚರಿಯ ಮೊನ್ನೆಯ ಪುಟಕ್ಕೊಂದು ತಿದ್ದುಪಡಿ. ಮಗಳು ನಾಗಶ್ರೀಯ ಮಿಶ್ರಲೋಹದ ಸಿಮ್ಯುಲೇಶನ್ನನ್ನು, ಅಂದರೆ ಕಂಪ್ಯೂಟರಿನಲ್ಲೇ ನಡೆಸುವ ಪ್ರಯೋಗವನ್ನು, ಅವಳ ಸಹೋದ್ಯೋಗಿ ವೀರೇಂದ್ರ ಅಳಿಸಿದನೆಂದು ಬರೆದಿದ್ದೆ. ಅಳಿಸಿಲ್ಲ; ಕಾಲೇಜಿನವರೆಲ್ಲ ಹಂಚಿಕೊಳ್ಳುವ ಕಂಪ್ಯೂಟರ್ ಕ್ಲಸ್ಟರಿನಿಂದ ಅದರ ಕಡತವನ್ನು ಕದ್ದು ತನ್ನ ಹೆಸರಿನಲ್ಲಿ ಓಡಿಸಿದ್ದಾನೆ. ಅವಳ ಎರಡು ವರ್ಷದ ದುಡಿಮೆಯನ್ನು ನಾಳೆ ಚಿಕ್ಕಮಗಳೂರಿನ ವಿಚಾರಸಂಕಿರಣದಲ್ಲಿ ತನ್ನದೆಂದು ಮಂಡಿಸುವನಂತೆ.

ಆದರೆ ಅವನು ಕದ್ದದ್ದು ಹಳೆಯ ಕಡತ. ಪರಮಾಣುಗಳ ನಡುವಿನ ಅಂತರವೊಂದನ್ನು ಮಗಳು ಅದರಲ್ಲಿ ತಪ್ಪಾಗಿ ಕೊಟ್ಟಿದ್ದಳು. ಆಮೇಲೆ ತನ್ನ ಪ್ರತಿಯಲ್ಲಿ ಮಾತ್ರ ತಿದ್ದಿಕೊಂಡಳು.

"ಅಪ್ಪಾ, ಅವ್ರಿಗೆ ಹೇಳ್ಬಿಡ್ಲಾ? ಪಾಪ, ಎಲ್ಲರೆದುರು ಮರ್ಯಾದೆ ಹೋಗುತ್ತೆ."

"ಸುಮ್ನಿರು ಮಾರಾಯ್ತಿ. ಹೋಗ್ಲಿ ಅಂತಾನೇ ನಾನು ಕಾಯ್ತಿರೋದು."

ನಕಲು ಮಾಡಿದವನು ಸಿಕ್ಕಿಬೀಳುವುದು ಸರಿಯುತ್ತರದಿಂದಲ್ಲ, ತಪ್ಪುತ್ತರದಿಂದ. ಮೂಡಿಗೆರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ನಕಲು ಹೊಡೆದವರನ್ನೆಲ್ಲ ಹಾಗೆಯೇ ಹಿಡಿದೆ. ಕೋಟಿಗೆ ಇಸ್ತ್ರಿ ಆಗಿದೆ. ನಾಳೆ ಮುಂದಿನ ಸಾಲಿನಲ್ಲಿ ಕುಳಿತು, ಆ ಅಂತರ ಎಲ್ಲಿಂದ ಬಂತೆಂದು ಬಹಳ ವಿನಯದಿಂದ ಕೇಳುತ್ತೇನೆ.

೧೨ ನವೆಂಬರ್ ೨೦೨೫, ಬುಧವಾರ, ರಾತ್ರಿ ೧೧.೨೦