ಪೋಷಕರ ಸಹಿ

ಬೆಡೋಕ್, ಸಿಂಗಪುರ
ಜುಲೈ 21, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಜಗಳಗಂಟಿ ಮಗಳು ಸ್ಯೂ ಎಂಗ್ ಬರೆಯುತ್ತಿದ್ದಾಳೆ. ಅಕ್ಷರ ನೋಡಿ ನಗಬೇಡ. ನೀನು ಫೋನ್ ಎತ್ತುವುದಿಲ್ಲ. ತಮ್ಮ ಕಿಯಾನ್ ಹಾಕ್‌ಗೆ ಮಾಡಿದರೆ "ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಅಕ್ಕ" ಅನ್ನುತ್ತಾನೆ. ಹದಿನೇಳು ದಿನದಲ್ಲಿ ಇಷ್ಟೊಂದು ಸ್ನಾನ ಮಾಡಿದವರನ್ನು ನಾನು ಕಂಡಿಲ್ಲ! ಅದಕ್ಕೇ ಕಾಗದ. ಮೀನು ಸುತ್ತಿ ಕೊಟ್ಟ ಪೇಪರನ್ನೂ ಬಿಡಿಸಿ ಓದುವವಳು ನೀನು, ಇದನ್ನು ಓದದೆ ಇರಲಾರೆ.

ಮೊದಲು ಮಗುವಿನ ಸುದ್ದಿ. ಯುನಿಂಗ್‌ಗೆ ಜ್ವರಗಿರ ಏನೂ ಇಲ್ಲ. ಉಣ್ಣುತ್ತಾಳೆ, ಸ್ಕೂಲಿಗೆ ಹೋಗುತ್ತಾಳೆ. ಆದರೆ ಚೀನೀ ಉಕ್ತಲೇಖನದ ದಿನ ಬರಿಯ ಹಾಳೆ ಕೊಟ್ಟು ಬರುತ್ತಾಳೆ. ಎರಡು ವಾರಕ್ಕೆ ಎರಡು ಸೊನ್ನೆ. "ಅಜ್ಜಿ ಬರೋವರೆಗೂ ನಾನು ಒಂದಕ್ಷರಾನೂ ಬರೆಯಲ್ಲ" ಅಂದುಬಿಟ್ಟಿದ್ದಾಳೆ. ವರ್ಷದ ಕೊನೆಯ ಪರೀಕ್ಷೆಗೆ ಇನ್ನು ಮೂರು ತಿಂಗಳೂ ಇಲ್ಲ. ಈ ಹಟ ಯಾರಿಂದ ಬಂತು ಅಂತ ಕೇಳಬೇಡ. ನಿನ್ನಿಂದ ನನಗೆ, ನನ್ನಿಂದ ಅವಳಿಗೆ.

ಪ್ರೈಮರಿಯಲ್ಲಿ ಎಂಬತ್ತರ ಕೆಳಗೆ ಇಳಿಯದ ಹುಡುಗಿ ಸೆಕೆಂಡರಿಗೆ ಕಾಲಿಟ್ಟ ತಿಂಗಳಿಗೇ ಮೂವತ್ತೆಂಟಕ್ಕೆ ಬಿದ್ದಾಗ ನನಗೆ ಕೈಕಾಲೇ ಆಡಲಿಲ್ಲ. ಅಲ್ಲಿಯವರೆಗೆ ಪದಗಳ ಪಟ್ಟಿ ಉರು ಹೊಡೆದರೆ ಸಾಕಿತ್ತು. ಇಲ್ಲಿ ಪುಟಗಟ್ಟಲೆ ಪಾಠ, ಪ್ರಬಂಧ, ಎಲ್ಲರೆದುರು ನಿಂತು ಮಾತಾಡುವ ಪರೀಕ್ಷೆ ಬೇರೆ. ನಾನೋ ಚೀನೀ ಪುಸ್ತಕ ಮುಚ್ಚಿಟ್ಟು ಇಪ್ಪತ್ತೆಂಟು ವರ್ಷವಾಯಿತು. ಓಡಿದ್ದು ಟ್ಯೂಷನ್ ಮೇಡಂ ಹತ್ತಿರ. ಆಕೆ ಮೊದಲು ಕೇಳಿದ್ದೇ, "ಮನೇಲಿ ಅಜ್ಜಿ ಟಿಯೋಚ್ಯೂ ಮಾತಾಡ್ತಾರಾ? ಮೊದಲು ಅದನ್ನ ನಿಲ್ಲಿಸಿ. ಮಗು ನಾಲಿಗೆ ಕೆಟ್ಟುಹೋಗುತ್ತೆ." ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ನಿನಗೆ ಹೇಳಿದೆ, ಶಾಲೆಯ ಚೀನೀ ಬೇರೆ, ನಮ್ಮ ಮನೆಮಾತು ಟಿಯೋಚ್ಯೂ ಬೇರೆ, ಮಗುವಿನ ಎದುರು ಅದು ಬೇಡ ಅಂತ.

ಮೂವತ್ತು ವರ್ಷ ಮೀನುಗಂಜಿ ಅಂಗಡಿ ನಡೆಸಿ, ಇಡೀ ಮಾರ್ಕೆಟ್ಟಿಗೇ ಕೇಳುವಂತೆ ಕೂಗುತ್ತಿದ್ದವಳು ನೀನು. ಮಾರನೆಯ ದಿನದಿಂದ ಮೊಮ್ಮಗಳನ್ನು ಊಟಕ್ಕೆ ಕರೆಯಲು ಮೇಜು ತಟ್ಟತೊಡಗಿದೆ. ನನಗೆ ಅದು ಕಾಣಲಿಲ್ಲವೆಂದಲ್ಲ ಅಮ್ಮ. ಕಂಡಿತು. ಮಾರ್ಕ್ಸ್ ಬರಲಿ, ಆಮೇಲೆ ನೋಡೋಣ ಅಂದುಕೊಂಡು ಸುಮ್ಮನಾದೆ.

ನೀನು ಮನೆ ಬಿಡುವ ಹಿಂದಿನ ದಿನ ಶಾಲೆಗೆ ಹೋದ ನನಗೆ ಯುನಿಂಗ್‌ಳ ಚೀನೀ ಟೀಚರ್, "ನಿಮ್ಮಮ್ಮನ ಅಕ್ಷರ ಎಷ್ಟು ಚೆನ್ನಾಗಿದೆ! ಪ್ರತಿ ವಾರ ಸಹಿ ಜೊತೆ ನನಗೆ ಎರಡು ಸಾಲು ಬರೀತಾರೆ" ಅಂದರು. ನಾನು ಹಲ್ಲು ಕಿರಿದೆ. ಉಕ್ತಲೇಖನದ ಪುಸ್ತಕಕ್ಕೆ ವಾರವಾರ ಪೋಷಕರ ಸಹಿ ಬೇಕು, ನನಗೆ ಗೊತ್ತಿಲ್ಲವೆ? ಫೆಬ್ರವರಿಯಲ್ಲಿ ಕೇಳಿದ್ದಕ್ಕೆ ಯುನಿಂಗ್ "ಸೆಕೆಂಡರಿಲಿ ಸಹಿ ಬೇಡವಂತೆ" ಅಂದಿದ್ದಳು. ಆಸ್ಪತ್ರೆಯ ಶಿಫ್ಟ್ ಮುಗಿಸಿ ಸುಸ್ತಾಗಿ ಬರುತ್ತಿದ್ದ ನಾನು ನಂಬಿದ್ದೆ. ಈಗ ನೋಡಿದರೆ ಪುಟಪುಟಕ್ಕೂ ನಿನ್ನ ಹೆಸರು. ಅದರ ಕೆಳಗೆ ನಿನ್ನ ಬರವಣಿಗೆ, ನೀರು ಹರಿದ ಹಾಗೆ ಒಂದಕ್ಕೊಂದು ಕೂಡಿಕೊಂಡ ಅಕ್ಷರ. ನನಗೆ ಒಂದು ಸಾಲೂ ಓದಲು ಬರಲಿಲ್ಲ. ಟೀಚರ್ ಎದುರು ಓದಿದವಳಂತೆ ತಲೆಯಾಡಿಸಿದೆ.

ಆ ಅವಮಾನವನ್ನೇ ತಂದು ನಿನ್ನ ಮೇಲೆ ಸುರಿದದ್ದು. "ಸಹಿ ಹಾಕೋಕೆ ನೀನ್ಯಾರು? ಅವಳ ತಾಯಿ ನಾನಾ, ನೀನಾ?" ಅಂದೆ. ನೀನು ಒಲೆ ಆರಿಸಿ ಕೈ ಒರೆಸಿಕೊಂಡೆ. ಬೆಳಿಗ್ಗೆ "ಕಿಯಾನ್ ಹಾಕ್ ಮಗೂನ ನೋಡಿ ಬರ್ತೀನಿ" ಅಂತ ಎರಡು ಜೊತೆ ಬಟ್ಟೆ ಹಿಡಿದು ಬಸ್ ಹತ್ತಿದೆ. ಲಿಫ್ಟ್ ಬಾಗಿಲಲ್ಲಿ ನಿಂತು ಯುನಿಂಗ್‌ಗೆ "ಹೊಟ್ಟೆ ತುಂಬ ಉಣ್ಣು" ಅಂದೆ, ಅದೂ ಟಿಯೋಚ್ಯೂನಲ್ಲಿ. ಜನವರಿಯಿಂದ ನನ್ನ ಕಿವಿಗೆ ಬಿದ್ದ ನಿನ್ನ ಮೊದಲ ಟಿಯೋಚ್ಯೂ ಮಾತು ಅದು.

ಅವಳು ಮೊದಲ ಸೊನ್ನೆ ತಂದ ದಿನ ನಾನು ಎರಡು ಮಾತು ಗದರಿದೆ, ಅಷ್ಟೇ. ಪುಸ್ತಕ ಎತ್ತಿಕೊಂಡು ಹೋಗಿ ನಿನ್ನ ಕೋಣೆ ಸೇರಿದಳು.

ಬುಧವಾರ ನನಗೆ ರಜೆ. ಹೆಸರುಕಾಳಿನ ಮೊಳಕೆ ತಂದು ಮೇಜಿನ ಮೇಲೆ ಸುರಿದುಕೊಂಡು ಬಾಲ ಚಿವುಟುತ್ತಿದ್ದೆ. ಶಾಲೆಯಿಂದ ಬಂದವಳು ನೋಡಿ, "ಅಯ್ಯೋ ಅಮ್ಮ, ಹೀಗಲ್ಲ. ಪೇಪರ್ ಹಾಸ್ಬೇಕು" ಅಂದಳು. ನಿನ್ನ ಹಳೆಯ ಚೀನೀ ಪೇಪರ್ ತಂದು ಹಾಸಿದಳು. ಆಮೇಲೆ ಚಿವುಟುತ್ತ, ಯಾವನೋ ಮುದುಕ ಕಳೆದುಹೋದ ಗಿಳಿಗಾಗಿ ಬ್ಲಾಕ್ ಬ್ಲಾಕ್ ಅಲೆದ ಸುದ್ದಿಯನ್ನು ಗಟ್ಟಿಯಾಗಿ ಓದುತ್ತ ಹೋದಳು. ನಾನು ಬಾಯಿ ಬಿಟ್ಟುಕೊಂಡು ಕೂತೆ. ಗೊತ್ತಿಲ್ಲದ ಅಕ್ಷರ ಬಂದಾಗ ಅದರ ಮೇಲೆ ಒಂದು ಬಾಲ ಇಟ್ಟು ಮುಂದೆ ಸಾಗಿದಳು. "ಕೊನೇಲಿ ಅಜ್ಜಿ ಎಲ್ಲಾ ಬಾಲದ್ದೂ ಹೇಳಿಕೊಡ್ತಾರೆ. ಮೊದಮೊದಲು ಪೇಪರ್ ತುಂಬ ಬಾಲಾನೇ ಇರ್ತಿತ್ತು!" ಅವತ್ತು ಇದ್ದದ್ದು ಏಳು. ಏಳರಲ್ಲಿ ಒಂದನ್ನೂ ಹೇಳಿಕೊಡಲು ನನಗಾಗಲಿಲ್ಲ.

ಅವಳ ಅಂಕ ಮೂವತ್ತೆಂಟರಿಂದ ಐವತ್ತಾರಕ್ಕೆ ಏರಿದ್ದು ಟ್ಯೂಷನ್ ಮೇಡಂನಿಂದ ಅಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ನಿನ್ನ ಸಾಲುಗಳನ್ನು ಓದಿಹೇಳು ಅಂತ ಅವಳನ್ನೇ ಕೇಳಿದೆ. ಓದಿದಳು. ಮಾರ್ಚ್ ತಿಂಗಳದ್ದು: "ಮಗು ತುಂಬ ಅತ್ತಳು. ತಪ್ಪಿದ್ದನ್ನು ಮತ್ತೆ ಬರೆಸಿದ್ದೇನೆ. ದಯವಿಟ್ಟು ಅಂಕವನ್ನು ಚಿಕ್ಕದಾಗಿ ಬರೆಯಿರಿ." ಮೇ ತಿಂಗಳದ್ದು: "ಇವಳ ತಾಯಿ ಇದೇ ವಯಸ್ಸಿನಲ್ಲಿ ಇಂಥದೇ ಪುಸ್ತಕ ಬಚ್ಚಿಟ್ಟಿದ್ದಳು. ನಾನು ಧೂಳು ಹೊಡೆಯುವ ಕೋಳಿಪುಕ್ಕದ ಕೋಲಿನಿಂದ ಹೊಡೆದೆ. ಮತ್ತೆ ಅವಳು ಚೀನೀ ಪುಸ್ತಕ ಪ್ರೀತಿಯಿಂದ ಮುಟ್ಟಲಿಲ್ಲ. ಈ ಮಗುವಿಗೆ ಹಾಗಾಗಬಾರದು."

"ನಿಂಗೆ ಅಜ್ಜಿ ಹೊಡೀತಿದ್ರಾ?" ಅಂತ ಯುನಿಂಗ್ ಕೇಳಿದಳು. ಹೂಂ ಅಂದೆ. ನೀನು ಯಾವತ್ತೋ ಮರೆತಿರುವೆ, ನಾನೊಬ್ಬಳೇ ಅದನ್ನು ಹೊತ್ತು ತಿರುಗುತ್ತಿದ್ದೇನೆ ಅಂದುಕೊಂಡಿದ್ದೆ ಅಮ್ಮ. ಅಳು ತಡೆಯಲಾಗಲಿಲ್ಲ. ಮೊಳಕೆಯ ರಾಶಿಯ ಮುಂದೆ ಕೂತು ಅತ್ತೆ, ಮಗಳು ಬೆನ್ನು ಸವರಿದಳು.

ಮನೆಗೆ ಬಾ. ತಪ್ಪು ನನ್ನದು. ಯಾವ ಮಾತು ಬೇಕೋ ಆಡು, ನನ್ನನ್ನು ಬೈಯುವುದಿದ್ದರೆ ಟಿಯೋಚ್ಯೂನಲ್ಲೇ ಬೈ, ಅದರಷ್ಟು ಚೆನ್ನಾಗಿ ಬೇರೆ ಯಾವ ಭಾಷೆಯಲ್ಲೂ ಬೈಸಿಕೊಳ್ಳಲು ಆಗುವುದಿಲ್ಲ. ಟ್ಯೂಷನ್ ಬೇಕೋ ಬೇಡವೋ ನೀನೂ ಅವಳೂ ತೀರ್ಮಾನಿಸಿ. ಆ ಏಳು ಬಾಲ ಇನ್ನೂ ಪೇಪರಿನ ಮೇಲೇ ಇವೆ, ಒಣಗಿ ದಾರದಂತಾಗಿವೆ. ಎತ್ತಲು ಅವಳು ಬಿಡುತ್ತಿಲ್ಲ.

ನಿನ್ನ ಮಗಳು,
ಸ್ಯೂ ಎಂಗ್

ತಾ.ಕ.: ಫೋನ್ ನೋಡಿ ನೋಡಿ ಇಷ್ಟನ್ನು ಚೀನೀಯಲ್ಲಿ ಬರೆಯಲು ಮೂರು ದಿನ ಹಿಡಿಯಿತು. ಯುನಿಂಗ್ ಕೆಂಪು ಪೆನ್ನು ಹಿಡಿದು ತಿದ್ದಿದ್ದಾಳೆ. ನನಗೂ ಮೂವತ್ತೆಂಟೇ ಬಂದಿದೆ. ಮೂಲೆಯಲ್ಲಿ ಚಿಕ್ಕದಾಗಿ ಬರೆದಿದ್ದಾಳೆ ನೋಡು.

ಒಂದು ಸಾಲಿನಲ್ಲಿ ಅಕ್ಷರವೆಲ್ಲ ಸರಿಯಿದ್ದರೂ ಸುತ್ತು ಹಾಕಿದ್ದಾಳೆ. 'ಎರಡು ಮಾತು ಗದರಿದೆ, ಅಷ್ಟೇ' ಅಂತ ಬರೆದಿದ್ದೆನಲ್ಲ, ಅಲ್ಲಿ. ಪಕ್ಕದಲ್ಲಿ 'ಸುಳ್ಳು' ಅಂದಿದ್ದಾಳೆ. ತಪ್ಪಿದ್ದನ್ನು ಸರಿಯಾಗಿ ಮತ್ತೆ ಬರೆಯಬೇಕಂತೆ. ಬರೆಯುತ್ತೇನೆ: ಆ ಪುಸ್ತಕವನ್ನು ನಾನು ಹರಿದುಹಾಕಿದೆ. ನಿನ್ನ ಸಾಲುಗಳಿದ್ದ ಪುಸ್ತಕವನ್ನು, ಅವಳ ಕಣ್ಣೆದುರಿಗೇ. ನಿನ್ನ ಮಂಚದ ಮೇಲೆ ಕೂತು ಒಂದೊಂದೇ ಹಾಳೆಗೆ ಅವಳು ಟೇಪು ಅಂಟಿಸಿದ್ದಾಳೆ.

ತಿದ್ದಿದ ಮೇಲೆ ಪೋಷಕರ ಸಹಿ ಇಲ್ಲದಿದ್ದರೆ ನಡೆಯುವುದಿಲ್ಲವಂತೆ. ಕೆಳಗೆ ಅವಳೇ ಗೆರೆ ಎಳೆದಿದ್ದಾಳೆ. ಅಂಚೆಯಲ್ಲಿ ಕಳಿಸಬೇಡ ಅಮ್ಮ, ಬಂದು ಹಾಕು.

ಪೋಷಕರ ಸಹಿ: ____________