ಪ್ಲೈವುಡ್ಡಿನ ಆಚೆಯ ಮೆಷಿನ್

ಮಾರ್ಚ್ 3, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆಯಿಂದ ನಾಲ್ಕು ಫಿಲ್ಲಿಂಗ್. ಒಂದು ಹಲ್ಲು ಕಿತ್ತದ್ದು. ಸಲೀಸಾಗಿ ಬಂತು. ಪ್ಲೈವುಡ್ ಗೋಡೆಯ ಆಚೆ ಅಕ್ಕನ ಎಕ್ಸ್‌ರೇ ಮೆಷಿನ್ ಗುಂಯ್‌ಗುಡುತ್ತಲೇ ಇದೆ. ತಲೆ ಚಿಟ್ಟು ಹಿಡಿಯುತ್ತದೆ.

ಅಪ್ಪ ಹೋದ ಮೇಲೆ ಅವರ ಕ್ಲಿನಿಕ್ ಪಾಲಾಯಿತು. ಕುರ್ಚಿ, ಬೋರ್ಡು ನನಗೆ. ಮೆಷಿನ್, ಕಿಟಕಿ ಅವಳಿಗೆ. ಮಾತು ಇಬ್ಬರಿಗೂ ಇಲ್ಲ. ಏನಿದ್ದರೂ ರಿಸೆಪ್ಷನ್ ಆಂಟಿಯ ಮೂಲಕ. ಇವತ್ತಿನ ತಗಾದೆ:

"ನಿಮ್ಮ ಪೇಶೆಂಟ್ ಹೆಲ್ಮೆಟ್ಟು ಅವ್ರ ಬೆಂಚ್ ಮೇಲೆ ಯಾಕಿದೆ ಅಂತ ಅಕ್ಕಾವ್ರು ಕೇಳ್ತಿದಾರೆ."

"ಬೆಂಚು ಸವೆದೋಯ್ತಾ ಅಂತ ಕೇಳಿ."

ಆಂಟಿ ಹೋಗಿ ಕೇಳಿಯೇ ಬಂದರು. ಪುಣ್ಯಾತ್ಗಿತ್ತಿ.

ಕೈ ತೊಳೆಯುವಾಗ ಕನ್ನಡಿ ನೋಡಿದೆ. ಬಲ ಕೆನ್ನೆ ಕೆಳಗೆ ಸ್ವಲ್ಪ ಊತ. ನೋವಿಲ್ಲ. ಒಸಡಿನದ್ದಿರಬೇಕು. ಮಾತ್ರೆ ಶುರು ಮಾಡಿದೆ.

ಮಾರ್ಚ್ 9, ಭಾನುವಾರ

ಮಾತ್ರೆ ಮುಗಿಯಿತು. ಊತ ಜಗ್ಗಲಿಲ್ಲ.

ಒಂದೊಂದೇ ಹಲ್ಲಿಗೆ ಐಸ್ ಇಟ್ಟು ನೋಡಿದೆ. ಎಲ್ಲವೂ ಜುಂ ಅಂದವು. ಎಲ್ಲಕ್ಕೂ ಜೀವವಿದೆ. ಸತ್ತ ಹಲ್ಲೇ ಇಲ್ಲದ ಮೇಲೆ ಕೀವು ಎಲ್ಲಿಂದ ಬರುತ್ತದೆ... ಒಳಗಿಂದ ಬೆರಳಿಟ್ಟು ಒತ್ತಿದೆ. ಮೂಳೆ ತಗ್ಗಿತು, ಮತ್ತೆ ಎದ್ದಿತು. ಮೊಟ್ಟೆ ಚಿಪ್ಪಿನ ಹಾಗೆ ಚಿಟಿಚಿಟಿ ಅಂತು. ಒಳಗೇನೋ ಕೂತು ಮೂಳೆ ತಿನ್ನುತ್ತಿದೆ. ಇನ್ನು ಸ್ವಲ್ಪ ತಿಂದರೆ ಗಟ್ಟಿ ಬ್ರೆಡ್ ಕಚ್ಚಿದರೂ ದವಡೆ ಮುರಿದೀತು.

ಪೇಶೆಂಟ್ ಆಗಿದ್ದರೆ ಬೈದು ಎಕ್ಸ್‌ರೇಗೆ ಅಟ್ಟುತ್ತಿದ್ದೆ. ಎಕ್ಸ್‌ರೇ ಅಂದರೆ ಅವಳು. ನನ್ನ ಫಿಲ್ಲಿಂಗ್ ಸೀನಿದರೆ ಉದುರುತ್ತೆ ಅಂತ ಪೇಶೆಂಟ್‌ಗಳ ಮುಂದೆ ಅಂದವಳು. ನೆರಳು ಕಂಡಲ್ಲೆಲ್ಲ ಗಡ್ಡೆ ಅನ್ನುವವಳು ಅಂತ ನಾನೂ ಅಂದಿದ್ದೆ, ಅದು ಬೇರೆ ವಿಷಯ. ಸತ್ತರೂ ಅವಳ ಬಾಗಿಲಿಗೆ ಹೋಗಲಾರೆ.

ಏಪ್ರಿಲ್ 8, ಮಂಗಳವಾರ. ರಾತ್ರಿ ಊಟಕ್ಕೆ ಮೊದಲು

ಕೆಳಗಿನ ಎರಡು ಹಲ್ಲು ಅಲ್ಲಾಡತೊಡಗಿದ ಮೇಲೆ ಹೋದೆ. ಅವಳ ಹತ್ತಿರ ಅಲ್ಲ. ಊರಾಚೆಯ ಸ್ಕ್ಯಾನ್ ಸೆಂಟರ್‌ಗೆ. ಮುಖಕ್ಕೆ ಮಾಸ್ಕ್, ಕೈಯಲ್ಲಿ ಟೋಕನ್. ಚಿತ್ರ ತೆಗೆದವನು, "ಕೂತಿರಿ, ಮೇಡಂ ಬಂದು ನೋಡಿ ಹೇಳ್ತಾರೆ" ಎಂದ.

ಮೇಡಂ ಬಂದರು. ಅಕ್ಕ!

ಸಂಜೆ ಹೊತ್ತು ಅಲ್ಲಿ ಚಿತ್ರ ಓದಲು ಹೋಗುತ್ತಾಳಂತೆ. ಮಾತು ಇದ್ದಿದ್ದರೆ ಗೊತ್ತಿರುತ್ತಿತ್ತು. ನನ್ನ ಮುಖ ನೋಡಲಿಲ್ಲ. ಚಿತ್ರವನ್ನೇ ನೋಡುತ್ತಾ ನಿಂತಳು.

"ಯಾರ ಹತ್ರ ತೋರಿಸ್ತಿದೀರ?" ಬಹುವಚನ ಬೇರೆ.

"ನಾನೇ ನೋಡ್ಕೋತಿದೀನಿ."

"ಹ್ಞಾಂ, ಕಾಣ್ತಿದೆ ನೋಡ್ಕೊಂಡಿರೋ ಚೆಂದ." ಪೆನ್ನಿನ ತುದಿ ಚಿತ್ರದ ಮೇಲಿಟ್ಟಳು. "ಬುದ್ಧಿಹಲ್ಲಿನ ಹಿಂದಿಂದ ಕಿವಿ ಹತ್ರದ ತನಕ ಮೂಳೆ ಖಾಲಿ. ಅಂಚು ನೀಟಾಗಿದೆ, ಸಿಸ್ಟ್ ಇರ್ಬೇಕು, ಬರೀ ಚೀಲ. ಗಡ್ಡೆ ಅಲ್ಲ ಅಂತ ಈಗ್ಲೇ ಹೇಳಕ್ಕಾಗಲ್ಲ. ಎಡಗಡೆ ಇಲ್ಲೊಂದು ಮರಿ ಇದೆ."

"ನೆರಳು ಕಂಡಲ್ಲೆಲ್ಲ—" ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಅಂದೆ.

"ಹೊರಗೆ ಜನ ಕಾಯ್ತಿದಾರೆ. ನಾಳೆ ಬೆಳಿಗ್ಗೆ ಸೂಜಿ ಹಾಕಿ ನೋಡೋಣ. ನಿಮ್ಮ ಕುರ್ಚಿ, ನನ್ನ ಕೈ."

ಭಯವಾಗುತ್ತಿದೆ. ಅವಳೆದುರು ತೋರಿಸಿಕೊಳ್ಳಲಿಲ್ಲ.

ಏಪ್ರಿಲ್ 9, ಬುಧವಾರ

ನನ್ನ ಕುರ್ಚಿಯಲ್ಲಿ ನಾನೇ ಮಲಗಿದೆ. ಲೈಟು ಕಣ್ಣಿಗೆ ಹೊಡೆಯುತ್ತದೆ, ಇಷ್ಟು ವರ್ಷ ಯಾವ ಪೇಶೆಂಟೂ ಹೇಳಿರಲಿಲ್ಲ. ಅವಳು ಮರಗಟ್ಟಿಸಿ ಸೂಜಿ ಇಳಿಸಿದಳು. ರಕ್ತ ನುಗ್ಗಿದರೆ ಗಂಡಾಂತರ. ಏನೂ ಬಾರದಿದ್ದರೆ ಗಡ್ಡೆ. ಇಬ್ಬರೂ ಓದಿದ್ದು ಒಂದೇ ಕಾಲೇಜು. ಇಬ್ಬರ ಕಣ್ಣೂ ಸಿರಿಂಜಿನ ಮೇಲೆ.

ಹಳದಿ ಬಂತು. ಮಂದವಾಗಿ, ಟ್ಯೂಬಿನಿಂದ ಹಿಂಡಿದ ಪೇಸ್ಟಿನಂತೆ. ಸಿಸ್ಟೇ. ಉಸಿರು ಬಿಟ್ಟೆ.

"ಖುಷಿ ಪಡ್ಬೇಡ. ಇದು ತೆಗೆದ್ರೂ ವಾಪಸ್ ಬರೋ ಜಾತಿ." ಬಹುವಚನ ಹೋಗಿತ್ತು.

"ನಿನ್ ಥರ" ಎಂದೆ, ಮರಗಟ್ಟಿದ ತುಟಿಯಲ್ಲೇ. ಸೂಜಿ ಇನ್ನೂ ಅವಳ ಕೈಯಲ್ಲಿತ್ತು. ಅನ್ನಬಾರದಿತ್ತು.

ಏಪ್ರಿಲ್ 21, ಸೋಮವಾರ

ಲ್ಯಾಬಿನವರೂ ಅದನ್ನೇ ಹೇಳಿದರು. ಮುಂದಿನ ವಾರ ಸರ್ಜನ್ ಕೊರೆದು ತೆಗೆಯುತ್ತಾರೆ. ತುಟಿಯ ಸ್ಪರ್ಶಜ್ಞಾನ ಹೋದರೂ ಹೋಗಬಹುದಂತೆ. ಆಮೇಲೆ ವರ್ಷಾ ವರ್ಷ ಎಕ್ಸ್‌ರೇ. ಅಂದರೆ ವರ್ಷಾ ವರ್ಷ ಇವಳ ಮುಖ.

ಮಧ್ಯಾಹ್ನ ಆಂಟಿಯನ್ನು ಕಳಿಸದೆ ತಾನೇ ಬಾಗಿಲಿಗೆ ಬಂದಳು.

"ಒಂದೇ ಇದ್ರೆ ಬಿಡು. ಎರಡೂ ಕಡೆ ಇದೆ ಅಂದ್ರೆ ವಂಶದಿಂದ ಬಂದಿರ್ಬಹುದು. ಅಪ್ಪನ ಗಲ್ಲದಲ್ಲಿ ಗುಳಿ ಇತ್ತಲ್ಲ, ಮೂಳೆ ಕೊರೆದ ಹಾಗೆ?"

ಚೆಂಡು ಬಡಿದದ್ದು ಅನ್ನುತ್ತಿದ್ದರು ಅಪ್ಪ. ಹೆಚ್ಚು ಕೇಳಿದರೆ ರೇಗುತ್ತಿದ್ದರು. ಸ್ಟೂಲಿನ ತನಕ ಎಲ್ಲ ಪಾಲು ಮಾಡಿಕೊಂಡೆವು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನಿಂದು ಎಕ್ಸ್‌ರೇ ತೆಗೆಸಿದೀಯಾ?" ಎಂದೆ.

ಬಾಗಿಲ ಚಿಲಕ ನೋಡತೊಡಗಿದಳು. ಊರವರ ದವಡೆಯೆಲ್ಲ ಜಾಲಾಡುವವಳು! ಮೆಷಿನ್ನಿಗೆ ಹೊಸ ಸೆನ್ಸರ್ ಹಾಕಿದ ದಿನವೂ ಪರೀಕ್ಷೆಗೆ ಆಂಟಿಯ ದವಡೆ ಇಟ್ಟಳೇ ಹೊರತು ತನ್ನದನ್ನು ಇಡಲಿಲ್ಲ.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ನಾನೂ ಹಂಗೇ ಇದ್ದೆ. ನಾಳೆ ಬಾಗಿಲು ತೆಗೆಯೋ ಮೊದ್ಲು. ನಿನ್ನ ಮೆಷಿನ್, ನನ್ನ ಕೈ."

ಹೇಳುವಾಗ ಹಿತವಾಗಿತ್ತು. ಸುಳ್ಳು ಯಾಕೆ.

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ, ಅವಳ ಕಡೆ

ಪಾಲಾದ ಮೇಲೆ ಈ ಕಡೆ ಬಂದದ್ದು ಇದೇ ಮೊದಲು. ಕಿಟಕಿಯಿಂದ ಎಷ್ಟು ಬೆಳಕು! ಹೊಟ್ಟೆ ಉರಿಯಿತು.

ಗಲ್ಲ ಇಡಿಸಿದೆ, ಅಲ್ಲಾಡಬೇಡ ಅಂದೆ, ಬಟನ್ ಒತ್ತಿದೆ. ಮುಗಿಯಿತು, ಹಿಡಿಕೆ ಬಿಡು ಅಂದರೂ ಬಿಡದೆ ನಿಂತಿದ್ದಾಳೆ. ಕಂಪ್ಯೂಟರ್ ಅಪ್ಪನ ಕಾಲದ್ದು, ಚಿತ್ರ ಪಟ್ಟಿ ಪಟ್ಟಿಯಾಗಿ ಬರುತ್ತಿದೆ. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ.

"ಇನ್ನೂ ಎಷ್ಟೊತ್ತೇ?"

"ನಿನ್ ಡಬ್ಬಾನ ಕೇಳು."

ಒಂದು ಕಡೆ ಪೂರ್ತಿ ಬಂತು. ಸ್ವಚ್ಛ. ಮುಂದಿನ ಹಲ್ಲುಗಳು... ಸರಿ. ನನ್ನ ಫಿಲ್ಲಿಂಗ್ ಬೈಯುವವಳ ಬಾಯಲ್ಲೇ ಎರಡು ಹುಳುಕು. ಇರಲಿ, ಆಮೇಲೆ ಹೇಳುತ್ತೇನೆ.

ಇನ್ನೊಂದು ಕಡೆ ಬರುತ್ತಿದೆ. ಬುದ್ಧಿಹಲ್ಲು. ಅದರ ಹಿಂದೆ ಕಪ್ಪು. ಇನ್ನೂ ಕಪ್ಪು. ನನ್ನದಕ್ಕಿಂತ ದೊಡ್ಡದು. ಕೆಳಗೆ ಮೂಳೆ ದಾರದಷ್ಟು ಉಳಿದಿದೆ.

"ಏನೇ ಅದು? ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ? ಹೇಳೇ."

ನನಗೆ ಅವಳು ಹೇಳಿದ ಹಾಗೆ ಹೇಳಬೇಕೆಂದು ನಿನ್ನೆಯೆಲ್ಲ ಮಾತು ಜೋಡಿಸಿಟ್ಟಿದ್ದೆ. ಪೆನ್ನಿನ ತುದಿ ಇಟ್ಟು, ಬಹುವಚನದಲ್ಲಿ. ಒಂದೂ ಬಾಯಿಗೆ ಬರುತ್ತಿಲ್ಲ. ನೆರಳು ಅಷ್ಟೇ ಅಂದುಬಿಡಲೇ... ಹಿಡಿಕೆ ಬಿಟ್ಟಳು. ಈ ಕಡೆಗೇ ಬರುತ್ತಿದ್ದಾಳೆ. ಸ್ಕ್ರೀನ್ ಅವಳ ಕಡೆ ತಿರುಗಿಸಿ ಪೆನ್ನು ಅವಳ ಕೈಗೆ ಕೊಡುತ್ತೇನೆ.