ಎಡೆಯ ಸಾರಿಗೆ ಬೆಲ್ಲ

ಹಂಪಾಪುರ
ಶನಿವಾರ

ರುಕ್ಮಿಣಕ್ಕನವರಿಗೆ ನಮಸ್ಕಾರ.

ನಿಮ್ಮ ಅಡುಗೆ ಬ್ಲಾಗನ್ನು ಮೂರು ವರ್ಷದಿಂದ ಓದ್ತಿದೀನಿ. ಕೆಳಗಿನ ಕಾಮೆಂಟುಗಳನ್ನೂ ಬಿಡೋದಿಲ್ಲ. ಹೋದ ವಾರ ನೀವು ಬರೆದ ಹುರುಳಿಕಟ್ಟಿನ ಸಾರಿನ ಕೆಳಗೆ ಯಾರೋ ತಮ್ಮ ಹೆಸರು ಹಾಕದೆ ಹೀಗೆ ಬರೆದಿದ್ದಾರೆ: "ಇಳಿಸುವಾಗ ಒಂದು ಚೂರು ಬೆಲ್ಲ ಹಾಕಿ. ನಮ್ಮನೇಲಿ ಹಾಕೋರು. ಈಗ ಎಡೆಗೆ ಇಡುವಾಗ ಹಾಕೋದಿಲ್ಲ."

ಅಕ್ಕ, ಆ ಬೆಲ್ಲ ನಾನು ಕದ್ದು ಹಾಕ್ತಿದ್ದೆ. ಗೊತ್ತಾಗಿದ್ದರೆ ನಮ್ಮತ್ತೆ, "ಇದೇನು ಸಾರಾ, ಪಾಯ್ಸವಾ?" ಅಂತ ರೇಗೋರು. ಗೊತ್ತಿದ್ದದ್ದು ನಮ್ಮ ಯಜಮಾನರಿಗೆ ಒಬ್ಬರಿಗೇ.

ನಾಲ್ಕು ವರ್ಷದ ಹಿಂದೆ ಅವರು ಕಬಿನಿ ಹಿನ್ನೀರಿಗೆ ಮೀನು ಹಿಡಿಯೋಕೆ ಹೋದರು. ತೆಪ್ಪ ಸಿಕ್ಕಿತು, ಅವರು ಸಿಗಲಿಲ್ಲ. ಆಮೇಲೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಅವರ ಫೋಟೋ ಮುಂದೆ ಎಡೆ ಇಡ್ತೀವಿ. ಎಡೆಗೆ ಇಡೋ ಹುರುಳಿಕಟ್ಟಿನ ಸಾರಿಗೆ ಮಾತ್ರ ನಾನು ಬೆಲ್ಲ ಹಾಕಿಲ್ಲ. ಬೇಡ ಅಂದರೂ ಹೋದರಲ್ಲ ಅನ್ನೋ ಸಿಟ್ಟು. ಇದನ್ನ ಇವತ್ತಿನವರೆಗೆ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.

ಕಾಮೆಂಟು ಯಾವ ಊರಿಂದ ಬಂತು ಅಂತ ಬ್ಲಾಗಿನವರಿಗೆ ಕಾಣುತ್ತಂತೆ. ದಯವಿಟ್ಟು ನೋಡಿ ಹೇಳಿ. ಅಮಾವಾಸ್ಯೆಗೆ ಇನ್ನು ಹತ್ತೇ ದಿನ. ಯಾವುದಾದರೂ ಊರಿನ ಹೆಸರಿದ್ದರೆ ಈ ಸಲ ಎಡೆ ಇಡೋದಿಲ್ಲ, ಬಸ್ಸು ಹತ್ತಿ ಅಲ್ಲಿಗೇ ಹೋಗಿ ಜಗಳ ಆಡ್ತೀನಿ.

ಯಾವ ಊರೂ ಕಾಣದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬೆಲ್ಲ ಹಾಕ್ತೀನಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಪವಿತ್ರಾ